ಕೃಷ್ಣನನ್ನು ಊಟಕ್ಕೆ ಕರೆದದ್ದು

ಲಕ್ಷ್ಮೀದೇವಿ ರೊಟ್ಟಿ ಬಡಿಯುವ ಸದ್ದಿಗೇ ಆ ಓಣಿ ಏಳುತ್ತಿತ್ತು. ನ್ಯಾಮತಿಯಿಂದ ಹೊನ್ನಾಳಿಗೆ ಹೋಗುವ ಮೊದಲ ಬಸ್ಸಿಗೆ ಮಗ ಕೃಷ್ಣ ಹೊರಡಬೇಕು, ಅಷ್ಟರೊಳಗೆ ಅವನ ಬುತ್ತಿ ಆಗಬೇಕು. ಬುತ್ತಿಯೆಂದರೆ ಅವಸರಕ್ಕೆ ಸುತ್ತಿ ಕೊಡುವ ಬುತ್ತಿಯಲ್ಲ. ರೊಟ್ಟಿಗೆ ಒಂದು ಡಬ್ಬಿ, ಪಲ್ಯಕ್ಕೆ ಒಂದು, ಅನ್ನಕ್ಕೆ ಇನ್ನೊಂದು. ಒಂದಕ್ಕೊಂದು ತಾಗಿದವೋ, ಅವತ್ತು ಆ ಊಟ ಬೀದಿ ನಾಯಿಗೆ. ಜೊತೆಗೆ ಒಂದೊಂದು ಪದಾರ್ಥ ಬೇರೆ ಬೇರೆ ನಿಲ್ಲುವಂತೆ ಮನೆ ಮನೆ ಮಾಡಿದ ಒಂದು ಸ್ಟೀಲ್ ತಟ್ಟೆ, ಒಂದು ಲೋಟ. ಕೃಷ್ಣ ಬೇರೆ ತಟ್ಟೆಯಲ್ಲಿ ಉಂಡವನಲ್ಲ, ನಾಲ್ಕು ಜನರ ಸಾಲಿನಲ್ಲಿ ಕುಂತು ಉಂಡವನೂ ಅಲ್ಲ. ಮನೆಯಲ್ಲೂ ಹಿತ್ತಲ ಮೆಟ್ಟಿಲೇ ಅವನ ಜಾಗ, ಮುಖ ಗೋಡೆಯ ಕಡೆಗೆ.

ಒಲೆಯ ಪಕ್ಕ ಕುಂತು ಅವರೆಕಾಯಿ ಬಿಡಿಸುತ್ತಿದ್ದ ಮೂಕಮ್ಮ ಸೊಸೆಯ ಕೈಗೆ ಡಬ್ಬಿಯ ಮುಚ್ಚಳ ಎತ್ತಿಕೊಟ್ಟಳು. ಮೊಮ್ಮಗ ಇಪ್ಪತ್ತನಾಲ್ಕು ದಾಟಿದವನು. ಬಾಗಿಲ ಬಳಿ ಸಿಮೆಂಟಿನ ಕಲೆಯ ಅಂಗಿ ಹಾಕಿಕೊಂಡು, ಚೀಲಕ್ಕಾಗಿ ಕೈ ಚಾಚಿ ನಿಂತಿದ್ದ.

ಕೊರಳಿಗೆ ಟವೆಲು ಹಾಕಿಕೊಂಡು ಬಂದ ನಾಗೇಂದ್ರಪ್ಪ ಮಗನನ್ನು ನೋಡಿ ನಿಂತ. "ನೋಡವ್ವ ನಮ್ಮ ಮನೆ ಯೋಗ. ಅಪ್ಪ ಇಸ್ತ್ರಿ ಅಂಗಿ ಹಾಕ್ಕೊಂಡು ಆಫೀಸಿಗೆ, ಮಗ ಸಿಮೆಂಟ್ ಅಂಗಿ ಹಾಕ್ಕೊಂಡು ಗಾರೆ ಕೆಲಸಕ್ಕೆ."

"ಗಾರೆ ಅಲ್ರಿ, ಟೈಲ್ಸು," ಎಂದಳು ಲಕ್ಷ್ಮೀದೇವಿ.

"ಎಲ್ಡೂ ಒಂದೇ. ನಮ್ಮಪ್ಪ ಬೆನ್ನ ಮೇಲೆ ಕಲ್ಲು ಹೊತ್ತ. ನಾನು ಅಟೆಂಡರ್ ಆದೆ. ಇವನು ಕುರ್ಚಿ ಮೇಲೆ ಕೂರ್ಬೇಕಿತ್ತು. ಸರ್ಟಿಫಿಕೇಟ್ ಐತೆ, ಕೋಟಾ ಐತೆ."

"ಕುರ್ಚಿ ಮೇಲೆ ಕೂರ್ತಾನೇನಪ್ಪ ಅಣ್ಣ?" ಎಂದಳು ಮಗಳು ಅರ್ಪಿತಾ, ಜಡೆ ಹೆಣೆದುಕೊಳ್ಳುತ್ತ. ಅವಳು ಹೊನ್ನಾಳಿಯಲ್ಲಿ ಡಿಗ್ರಿ ಓದುತ್ತಿದ್ದಳು. "ಫೋನು ಒಂದ್ಸಲ ಹೊಡ್ಕೊಂಡ್ರೆ ಓಡಿ ಹೋಗ್ತಾನೆ. ನಿನ್ನಂಗೆ ಕುಂತು ನಿದ್ದೆ ಮಾಡಾಕೆ ಬರಲ್ಲ ಅವನಿಗೆ."

"ಬಾಯಿ ನೋಡು ಇವಳ್ದು!" ಎಂದು ನಾಗೇಂದ್ರಪ್ಪ ಬಚ್ಚಲಿಗೆ ಹೋದ. ಕೃಷ್ಣ ಚೀಲ ತೆಗೆದುಕೊಂಡು, ಯಾರಿಗೂ ಹೇಳದೆ, ಎಂದಿನಂತೆ ಹೊರಟ.

ಕೃಷ್ಣನಿಗೆ ಇರುವುದಕ್ಕೆ ದಾವಣಗೆರೆಯ ಡಾಕ್ಟರು ಆಟಿಸಂ ಎಂಬ ಹೆಸರು ಹೇಳಿ ಬಹಳ ವರ್ಷವಾಗಿತ್ತು. ರೋಗವಲ್ಲ, ವಾಸಿ ಮಾಡುವಂಥದ್ದಲ್ಲ, ಹುಟ್ಟಿನಿಂದಲೇ ಅವನ ರೀತಿ ಎಂದಿದ್ದರು. ಮೂಕಮ್ಮ ಅಷ್ಟನ್ನು ತಿಳಿದುಕೊಂಡು ಸುಮ್ಮನಾದಳು. ಕುರಿಗಳಲ್ಲೂ ಒಂದೊಂದು ಮಂದೆಯ ಅಂಚಿನಲ್ಲೇ ಮೇಯುತ್ತದೆ, ಅದನ್ನು ಬಡಿದು ಒಳಕ್ಕೆ ತಂದರೆ ಮೇವು ಬಿಡುತ್ತದೆ. ಬಿಳಿಚೋಡಿನ ಬಯಲಲ್ಲಿ ಚಿಕ್ಕಂದಿನಲ್ಲಿ ಕುರಿ ಕಾದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಕಷ್ಟವಿದ್ದದ್ದು ಬೇರೆ ಕಡೆ. ಕೃಷ್ಣ ಒಂದು ದಾರಿ ಹಿಡಿದರೆ ಹಿಡಿದ, ಬಿಟ್ಟರೆ ಬಿಟ್ಟ. ಚಿಕ್ಕವನಿದ್ದಾಗ ಶಿವಮೊಗ್ಗದ ಒಂದು ಶಾಲೆಗೆ ಎರಡು ವರ್ಷ ಹೋಗಿದ್ದ. ಜ್ವರ ಬಂದು ಒಂದು ವಾರ ಮನೆಯಲ್ಲಿ ಉಳಿದ. ಆಮೇಲೆ ಅವನನ್ನು ಆ ಬಸ್ಸು ಹತ್ತಿಸಲು ಯಾರಿಂದಲೂ ಆಗಲಿಲ್ಲ. ಮತ್ತೆ ಹನ್ನೆರಡು ವರ್ಷ ಹಿತ್ತಲ ಮೆಟ್ಟಿಲು.

ಹೊನ್ನಾಳಿಯಲ್ಲಿ ಇಂಥವರಿಗೇ ಕಸುಬು ಕಲಿಸುವ ಒಂದು ಕೇಂದ್ರ ಶುರುವಾದಾಗ ಲಕ್ಷ್ಮೀದೇವಿ ಗಂಡನ ಮಾತು ಮೀರಿ ಮಗನನ್ನು ಅಲ್ಲಿಗೆ ಸೇರಿಸಿದಳು. ಅಲ್ಲಿ ಟೈಲ್ಸು ಹಾಕುವುದನ್ನು ಕಲಿಸುತ್ತಿದ್ದವನು ಮುಜಮ್ಮಿಲ್. ಹೊನ್ನಾಳಿಯವನೇ, ನಲವತ್ತರ ಆಸುಪಾಸಿನವನು, ಹತ್ತಾರು ಊರಲ್ಲಿ ನೆಲ ಹಾಕಿದ ಮೇಸ್ತ್ರಿ. ಮೊದಲ ತಿಂಗಳು ಕೃಷ್ಣ ಹಸಿ ಸಿಮೆಂಟು ಮುಟ್ಟಿದರೆ ಕೈ ಕೊಡವಿಕೊಂಡು ಕೂಗುತ್ತಿದ್ದ. ಮುಜಮ್ಮಿಲ್ ರಬ್ಬರು ಗವಸು ತಂದ. ಟೈಲ್ಸು ಕೊಯ್ಯುವ ಯಂತ್ರದ ಸದ್ದಿಗೆ ಓಡಿಹೋಗುತ್ತಿದ್ದ. ಯಂತ್ರ ಹಚ್ಚುವ ಮೊದಲು ಮುಜಮ್ಮಿಲ್ ಕೈ ಎತ್ತಿ ತೋರಿಸುವ ಪದ್ಧತಿ ಮಾಡಿದ. ಕೈ ಎತ್ತಿದ ಕೂಡಲೇ ಕೃಷ್ಣ ಕಿವಿಗೆ ಮುಚ್ಚಳ ಹಾಕಿಕೊಳ್ಳುತ್ತಿದ್ದ. ಯಾವುದಾದ ಮೇಲೆ ಯಾವ ಕೆಲಸ ಎಂದು ಚಿತ್ರ ಬರೆದು ಬಕೆಟ್ಟಿನ ಮುಚ್ಚಳಕ್ಕೆ ಅಂಟಿಸಿದ್ದರು. ಒಮ್ಮೆ ಇಡೀ ಸಾಲು ಓರೆಯಾಗಿ, ಹಾಕಿದ್ದನ್ನೆಲ್ಲ ಕಿತ್ತು ಮತ್ತೆ ಹಾಕಿದ್ದೂ ಉಂಟು. ಹೀಗೆ ವರ್ಷ ತುಂಬಿತು. ಆಮೇಲೆ ಮುಜಮ್ಮಿಲ್, "ಇವನನ್ನ ನನ್ನ ಕೆಲಸಕ್ಕೇ ಕರ್ಕೊಂಡು ಹೋಗ್ತೀನಿ, ಕೂಲಿ ಕೊಟ್ಟು," ಎಂದ.

ಮೊದಲ ಮನೆ ಹೊನ್ನಾಳಿಯ ತಿಪ್ಪೇರುದ್ರಸ್ವಾಮಿಯವರದು. ಬೀಜ ಗೊಬ್ಬರದ ಅಂಗಡಿ ಇದ್ದವರು. ಹಳೇ ಮನೆಗೆ ಹೊಸ ನೆಲ ಹಾಕಿಸುತ್ತಿದ್ದರು. ಕೃಷ್ಣ ಮೊದಲ ವಾರದ ಕೂಲಿ ತಂದು ತಾಯಿಯ ಕೈಗಿಟ್ಟಾಗ ಲಕ್ಷ್ಮೀದೇವಿ ಅದನ್ನು ಬುದ್ಧನ ಪಟದ ಮುಂದೆ ಇಟ್ಟಳು. ನಾಗೇಂದ್ರಪ್ಪ ನೋಡಿದ, ಪಟಕ್ಕೆ ಕೈ ಮುಗಿದು ಹೋದ.

ಎಲ್ಲ ಒಂದು ಹದಕ್ಕೆ ಬಂತು ಎನ್ನುವಾಗಲೇ ಆ ಬುಧವಾರ ಬಂತು.

ಮೂಕಮ್ಮ ಬಾಗಿಲಲ್ಲಿ ಕುಂತು ಜೋಳ ಹಸನು ಮಾಡುತ್ತಿದ್ದಳು. ಓಣಿಯ ಕೊನೆಯಲ್ಲಿ ನಾಗೇಂದ್ರಪ್ಪ ಮಗನ ರಟ್ಟೆ ಹಿಡಿದು ಎಳೆದುಕೊಂಡು ಬರುವುದು ಕಂಡಿತು. ಕೃಷ್ಣನ ಅಂಗಿಯ ಗುಂಡಿ ಕಿತ್ತಿತ್ತು. ಎರಡೂ ಕಿವಿ ಮುಚ್ಚಿಕೊಂಡು ಊಂ ಎಂದು ಒಂದೇ ಸಮನೆ ಗುನುಗುತ್ತಿದ್ದ. ಮೊರ ದಾಟಿ ನೇರ ಹಿತ್ತಲಿಗೆ ಹೋಗಿ ಗೋಡೆಗೆ ಮುಖ ಹಾಕಿ ಕುಂತುಬಿಟ್ಟ.

"ಏನಾತೋ?" ಎಂದಳು ಮೂಕಮ್ಮ.

ನಾಗೇಂದ್ರಪ್ಪನಿಗೆ ಉಸಿರು ಸಿಗುತ್ತಿರಲಿಲ್ಲ. "ಆಫೀಸು ಟಪಾಲು ಕೊಡಾಕೆ ಹೊನ್ನಾಳಿಗೆ ಹೋಗಿದ್ದೆ ಅವ್ವ. ಹೆಂಗೂ ಬಂದೀನಿ, ಮಗ ಏನು ಮಾಡ್ತಾನೆ ನೋಡೋಣ ಅಂತ ಆ ಸ್ವಾಮಿ ಮನೆಗೆ ಹೋದೆ. ಅಡುಗೆಮನೆ ನೆಲ ಮುಗೀತು ಅಂತ ಕೆಲಸದೋರಿಗೆ ಹೋಳಿಗೆ ಊಟ ಹಾಕಿದಾರೆ. ಮುಜಮ್ಮಿಲ್ಲು, ಅವನ ಆಳುಗಳು, ಎಲ್ಲಾ ಒಳಗೆ ಸಾಲಾಗಿ ಕುಂತಿದಾರೆ. ನನ್ನ ಮಗ ಒಬ್ಬನೇ ಹೊರಗೆ ಜಗಲಿ ಮೇಲೆ, ಚಪ್ಪಲಿ ಬಿಡೋ ಕಡೆ. ಮನೆಯಿಂದ ತಗೊಂಡು ಹೋದ ತಟ್ಟೆ."

"ಅವನು ನಮ್ಮನೇಲೂ ಹೊರಗೇ ಕುಂತು ಉಣ್ತಾನಲ್ರಿ," ಎಂದಳು ಒಳಗಿಂದ ಬಂದ ಲಕ್ಷ್ಮೀದೇವಿ.

"ನಮ್ಮ ಹಿತ್ತಲು ಬೇರೆ, ಅವರ ಜಗಲಿ ಬೇರೆ! ಅಷ್ಟೇ ಆಗಿದ್ರೆ ನಾನೂ ಸುಮ್ಕಿರ್ತಿದ್ನೋ ಏನೋ. ಆ ಸ್ವಾಮಿ ತಾಯಿ ಐತಲ್ಲ ಮುದುಕಿ, ಚೊಂಬು ತಗೊಂಡು ಬಂದು ಇಷ್ಟೆತ್ತರದಿಂದ ನೀರು ಹೊಯ್ದಳು ಅವನ ಲೋಟಕ್ಕೆ. ಎತ್ತಿ ಹೊಯ್ದಳು ಅವ್ವ! ಈ ಕಾಲದಾಗೆ!" ನಾಗೇಂದ್ರಪ್ಪ ಕೈ ಎತ್ತಿ ತೋರಿಸಿದ. "ನಾನು ಬಿಡ್ಲಿಲ್ಲ. ಓಣಿ ಮಂದಿಯೆಲ್ಲ ಕೂಡಂಗೆ ಬೈದು ಇವನನ್ನ ಎಳ್ಕೊಂಡು ಬಂದೆ. ಕೇಸ್ ಹಾಕ್ತೀನಿ."

ಮೂಕಮ್ಮ ಮೊರವನ್ನು ಕೆಳಗಿಟ್ಟಳು. ಎತ್ತಿ ಹೊಯ್ಯುವ ನೀರು ಅವಳಿಗೆ ಗೊತ್ತಿತ್ತು. ಬಿಳಿಚೋಡಿನಲ್ಲಿ ಶೇಂಗಾ ಕೀಳುವ ಕಾಲಕ್ಕೆ ಗೌಡರ ಹೊಲದಲ್ಲಿ ಇವರು ಬೊಗಸೆ ಹಿಡಿದು ಬಗ್ಗಿ ನಿಲ್ಲುತ್ತಿದ್ದರು, ಮೇಲಿನಿಂದ ನೀರು ಬೀಳುತ್ತಿತ್ತು. ಕುಡಿದದ್ದಕ್ಕಿಂತ ಮೊಣಕೈಗೆ ಹರಿದದ್ದೇ ಹೆಚ್ಚು. ಹೊಟೇಲಿನ ಹಿಂಬದಿಯ ಗೋಡೆಗೆ ಇವರಿಗೆಂದೇ ಇಟ್ಟ ಲೋಟಗಳಿದ್ದವು. ಉಪಯೋಗಿಸಿದ ಮೇಲೆ ತಾವೇ ತೊಳೆದು ಬೋರಲು ಹಾಕಿ ಬರಬೇಕು. ಇದನ್ನೆಲ್ಲ ಅವಳೇ ಮಗನಿಗೆ ಹೇಳಿದ್ದಳು, ಕಥೆ ಹೇಳಿದ ಹಾಗೆ. ಕಂಡವಳು ಅವಳು, ಕುದಿಯುವವನು ಅವನು.

ಮರುದಿನ ಬೆಳಗ್ಗೆ ಕೃಷ್ಣ ಸಿಮೆಂಟಿನ ಅಂಗಿ ಹಾಕಿಕೊಂಡು ಬಾಗಿಲಿಗೆ ಬಂದು ನಿಂತ. ಚೀಲಕ್ಕೆ ಕೈ ಚಾಚಿದ. ಚೀಲ ಕೊಡುವವರಿಲ್ಲ. ಬಸ್ಸು ಹೋದ ಸದ್ದು ಕೇಳಿತು. ಆಮೇಲೆ ಅವನು ಮನೆಯ ಹಳೇ ನೆಲದ ಮೇಲೆ ಮಂಡಿಯೂರಿ ಬೆರಳ ಗಿಣ್ಣಿನಿಂದ ಕುಟ್ಟುತ್ತ ಹೋದ. ಟೈಲ್ಸಿನ ಅಡಿ ಸಿಮೆಂಟು ತುಂಬಿದ್ದರೆ ಗಟ್ಟಿ ಸದ್ದು, ಪೊಳ್ಳಿದ್ದರೆ ಡೊಬ್ ಅನ್ನುತ್ತದೆ. ಹಾಗೆ ನೋಡುವುದನ್ನು ಮುಜಮ್ಮಿಲ್ ಕಲಿಸಿದ್ದ.

"ಡೊಬ್ ಅನ್ನಬಾರದು," ಎಂದ ಕೃಷ್ಣ, ಮುಜಮ್ಮಿಲ್‌ನ ದನಿಯಲ್ಲೇ. ಸ್ವಲ್ಪ ಹೊತ್ತಿನ ಮೇಲೆ, "ಬಚ್ಚಲು ಬಾಕಿ ಐತೆ," ಎಂದ.

"ಅಪ್ಪಾ, ಅಣ್ಣನ್ನ ಕೇಳಿದ್ಯಾ? ಯಾರು ಹೊರಗೆ ಕೂರು ಅಂದ್ರು ಅಂತ?" ಎಂದಳು ಅರ್ಪಿತಾ.

"ಅವನು ಹೇಳ್ತಾನೇನೆ? ಹೇಳಾಕೆ ಬಂದಿದ್ರೆ ಇದೆಲ್ಲ ಯಾಕೆ? ಹೇಳಾಕೆ ಬರದೋರಿಗೇ ಹಿಂಗೆ ಮಾಡೋದು ಅವರು."

ಊಟದ್ದು ಇನ್ನೊಂದು ಗೋಳು. ತಟ್ಟೆ ಲೋಟ ಸ್ವಾಮಿಯವರ ಜಗಲಿಯ ಮೇಲೆ ಉಳಿದುಬಿಟ್ಟಿತ್ತು. ನಾಗೇಂದ್ರಪ್ಪ ಸಂಜೆ ಪೇಟೆಗೆ ಹೋಗಿ ಅಂಥದ್ದೇ ಇನ್ನೊಂದು ತಂದ. ಕೃಷ್ಣ ಅದನ್ನು ಮುಟ್ಟಲಿಲ್ಲ. ಲಕ್ಷ್ಮೀದೇವಿ ಡಬ್ಬಿಯಲ್ಲೇ ಇಟ್ಟಳು; ಒಣ ರೊಟ್ಟಿ ಮುರಿದು ತಿಂದ, ಉಳಿದದ್ದನ್ನು ಬಿಟ್ಟ. ಎರಡು ದಿನದಲ್ಲಿ ಅವನ ಕೆನ್ನೆ ಒಳಕ್ಕೆ ಹೋಯಿತು.

"ನಿಮ್ಮ ಸಿಟ್ಟಿಗೆ ನನ್ನ ಮಗನ ಕೂಳು ಹೋತು," ಎಂದಳು ಲಕ್ಷ್ಮೀದೇವಿ ಗಂಡನಿಗೆ ಬಡಿಸುತ್ತ. ಸಾರಿನ ಸೌಟು ತಟ್ಟೆಗೆ ಬಡಿಯಿತು.

"ಮಾನ ಹೋದ ಮೇಲೆ ಕೂಳು ತಗೊಂಡು ಏನು ಮಾಡ್ತಿ?"

"ಹನ್ನೆರಡು ವರ್ಷ ಅವನನ್ನ ಈ ಹಿತ್ತಲಾಗೆ ಕಾದೋಳು ನಾನು. ನೀವು ಆಫೀಸಿಗೆ ಹೋಗ್ತಿದ್ರಿ. ಮತ್ತೆ ಅವನು ಆ ಮೆಟ್ಟಿಲಿಗೆ ಅಂಟ್ಕೊಂಡ್ರೆ ನಿಮ್ಮ ಮಾನ ಬಂದು ಎಬ್ಬಿಸ್ತದಾ?"

"ನಾಳೆಯಿಂದ ನಾನೇ ಬೇರೆ ಕೆಲಸ ನೋಡ್ತೀನಿ ಅವನಿಗೆ."

"ನೋಡ್ರಿ. ಅವನು ಶಾಲೆ ಬಿಟ್ಟಾಗಿಂದ ನೋಡ್ತಾನೇ ಇದೀರಿ."

ಮೂಕಮ್ಮ ನಡುವೆ ಬಾಯಿ ಹಾಕಲಿಲ್ಲ. ಗಂಡ ಹೆಂಡಿರ ಜಗಳಕ್ಕೆ ಅತ್ತೆ ತುಪ್ಪ ಹೊಯ್ಯಬಾರದು ಎಂಬುದು ಅವಳ ಲೆಕ್ಕ. ಮುದ್ದೆಯ ಕೊನೇ ತುತ್ತು ನುಂಗಿ ಕೈ ತೊಳೆದುಕೊಂಡಳು.

ಶನಿವಾರ ಸಂಜೆ ಮುಜಮ್ಮಿಲ್ ಬೈಕಿನಲ್ಲಿ ಬಂದ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ನಾಗೇಂದ್ರಪ್ಪ ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಲಕ್ಷ್ಮೀದೇವಿ ಚಾ ಇಟ್ಟಳು.

"ತಟ್ಟೆ ಲೋಟ ತಂದೆ ಅಣ್ಣಾ," ಎಂದ ಮುಜಮ್ಮಿಲ್.

"ನೀನು ಒಳಗೆ ಕುಂತು ಹೋಳಿಗೆ ತಿಂತಿದ್ದೆ. ನೋಡೀನಿ ನಾನು."

"ತಿಂತಿದ್ದೆ, ಇಲ್ಲ ಅನ್ನಲ್ಲ. ಮೊದಲ್ನೇ ದಿನ ನಡುಮನೆ ನೆಲ ಹಸಿ ಇತ್ತಣ್ಣಾ, ಒಳಗೆ ಯಾರೂ ಹೋಗಂಗಿಲ್ಲ. ನಾವೆಲ್ಲ ಜಗಲಿ ಮೇಲೇ ಉಂಡ್ವಿ. ಅಜ್ಜಿ ಹಿತ್ತಲ ಬಾಗಿಲಿಂದ ಸುತ್ತಿ ಬಂದು ಎಲ್ಲರಿಗೂ ನೀರು ಹಾಕಿದ್ರು. ಚೊಂಬು ಇವನ ಲೋಟಕ್ಕೆ ತಾಗ್ತು ನೋಡ್ರಿ, ಪೂರಾ ನೀರು ಚೆಲ್ಲಿ, ಲೋಟ ತೊಳ್ಕೊಂಡು ಬಂದು ಮತ್ತೆ ಇಟ್ಟ. ಎಲ್ಡನೇ ಸಲ ಅಜ್ಜಿ ಎತ್ತಿ ಹಾಕಿದ್ರು. ಕುಡಿದ. ಅಲ್ಲಿಗೆ ಅದೇ ರೂಢಿ ಆತು. ನೆಲ ಒಣಗಿ ನಾವು ಒಳಗೆ ಹೋದ್ವಿ, ಇವನು ಜಗಲಿ ಬಿಡಲಿಲ್ಲ. ನಿಮ್ಮ ಮಗನ ಗುಣ ನಿಮಗಿಂತ ನಂಗೆ ಗೊತ್ತಾ?"

"ನೀನು ಕರೆದ್ಯಾ ಒಳಗೆ?"

"ಕರೆದೆ."

"ಅವರು ಕರೆದ್ರಾ?"

ಮುಜಮ್ಮಿಲ್ ಚಾ ಲೋಟ ಕೆಳಗಿಟ್ಟ. "ಸ್ವಾಮೇರು ಒಂದ್ಸಲ ಕರೆದಂಗಿತ್ತು. ಅಜ್ಜಿ ಕರೀಲಿಲ್ಲ. ಸುಳ್ಳು ಯಾಕೆ ಹೇಳ್ಲಿ?"

"ಹಾಂ! ಬಂತು ನೋಡು ಹೊರಗೆ!"

"ಅಣ್ಣಾ, ಒಂದು ಮಾತು. ಬಚ್ಚಲು ಇವನ ಕೈಲೇ ಆಗ್ಲಿ ಅಂತ ಹಂಗೇ ಬಿಟ್ಟಿದೀನಿ. ಮುಂದಿನ ವಾರ ಅವರ ಮನೆಗೆ ನೆಂಟರು ಬರ್ತಾರೆ. ಸೋಮವಾರ ಇವನು ಬರಲಿಲ್ಲ ಅಂದ್ರೆ ಬೇರೆಯೋರನ್ನ ಹಾಕ್ಬೇಕು. ಆಮೇಲೆ ಸಂತೇಬೆನ್ನೂರಾಗೆ ಒಂದು ದೊಡ್ಡ ಕೆಲಸ ಹಿಡಿದೀನಿ. ಒಂದ್ಸಲ ತಪ್ಪಿದ್ರೆ ಇವನು ಬರಲ್ಲ, ನಿಮಗೇ ಗೊತ್ತು."

ಮೂಕಮ್ಮ ಪ್ಲಾಸ್ಟಿಕ್ ಚೀಲದಿಂದ ತಟ್ಟೆ ತೆಗೆದು ಬೆಳಕಿಗೆ ಹಿಡಿದಳು. ಮನೆ ಮನೆಯ ಸಂದಿಯಲ್ಲೂ ಜಿಡ್ಡಿರಲಿಲ್ಲ. "ಇದನ್ನ ತೊಳೆದೋರು ಯಾರಪ್ಪ?"

"ಅಜ್ಜಿನೇ. ಹುಣಸೆಹಣ್ಣು ಹಾಕಿ ತಿಕ್ಕಿದ್ರು. ಆ ಹುಡುಗನಿಗೆ ಕಲೆ ಇದ್ರೆ ಆಗಲ್ಲ ಅಂದ್ರು."

ಮೂಕಮ್ಮ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡಳು. ಅವಳ ಕಾಲದಲ್ಲಿ ನೀರು ಎತ್ತಿ ಹೊಯ್ದವರು ಬಹಳ ಮಂದಿ. ಎಂಜಲು ತಟ್ಟೆ ತೊಳೆದವರು ಒಬ್ಬರೂ ಇರಲಿಲ್ಲ.

"ಸೋಮವಾರ ಇವನ ಜೊತೆ ನಾನು ಹೋಗ್ತೀನಿ," ಎಂದಳು.

"ಯವ್ವಾ! ನೀನು ಆ ಮನೆಗಾ?" ನಾಗೇಂದ್ರಪ್ಪ ಎದ್ದು ನಿಂತ.

"ಎತ್ತಿ ಹೊಯ್ಯೋ ನೀರು ನೀನು ಕೇಳಿದೀಯ. ನಾನು ಕುಡಿದೀನಿ. ಯಾವ ನೀರು ಎಂಥಾದ್ದು ಅಂತ ನಂಗೆ ತಿಳೀತದೆ. ನೀನು ಹೇಳಿದಂಗೇ ಇದ್ರೆ, ಕೇಸ್ ಹಾಕು. ನಾನೇ ಬಂದು ಹೆಬ್ಬೆಟ್ಟು ಒತ್ತುತೀನಿ."

ನಾಗೇಂದ್ರಪ್ಪ ಹೊರಗೆ ಹೋದ.

ಸೋಮವಾರ ಬಸ್ಸಿನಲ್ಲಿ ಕೃಷ್ಣ ಡ್ರೈವರ್ ಹಿಂದಿನ ಸೀಟಿಗೇ ಹೋಗಿ ಕುಂತ. ಚೀಲ ತೊಡೆಯ ಮೇಲೆ, ಒಳಗೆ ಹಳೇ ತಟ್ಟೆ. ಮೂಕಮ್ಮ ಪಕ್ಕದಲ್ಲಿ, ಅವನಿಗೆ ತಾಗದಂತೆ ಸ್ವಲ್ಪ ಜಾಗ ಬಿಟ್ಟು ಕುಂತಳು. ಹೊನ್ನಾಳಿಯಲ್ಲಿಳಿದು ಅವನು ಮುಂದೆ, ಅವಳು ಹಿಂದೆ. ಮೊಣಕಾಲು ನೋವಿನವಳು ಹಿಂದೆ ಬಿದ್ದರೂ ಅವನು ನಿಲ್ಲಲಿಲ್ಲ. ನಿಲ್ಲುವುದು ಅವನ ಪದ್ಧತಿಯಲ್ಲಿಲ್ಲ.

ಸ್ವಾಮಿಯವರ ಮನೆಯ ಜಗಲಿ ಎತ್ತರದ್ದು. ಕೃಷ್ಣ ಹತ್ತಿ ಒಳಗೆ ನಡೆದ, ನೇರ ಬಚ್ಚಲಿಗೆ. ತಿಪ್ಪೇರುದ್ರಸ್ವಾಮಿ ಮೂಕಮ್ಮನನ್ನು ಕಂಡು ತಡವರಿಸಿದರು. "ಅಜ್ಜೀ, ಅವತ್ತು ಏನಾತಂದ್ರೆ... ನಿಮ್ಮ ಮಗ ಮಾತಾಡಾಕೇ ಬಿಡಲಿಲ್ಲ. ಓಣಿ ಮುಂದೆ ನನ್ನ ಮಾನ..."

"ನಿಮ್ಮ ತಾಯಿ ಅದಾರಾ ಸ್ವಾಮೇರೆ?"

ಹಾಲಮ್ಮ ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದರು. ಮೂಕಮ್ಮನದೇ ವಯಸ್ಸು, ಮೂಕಮ್ಮನಂಥದೇ ಮೊಣಕಾಲು. ಹಣೆಯ ಮೇಲೆ ವಿಭೂತಿ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ನೀನು ಆ ಹುಡುಗನ ಅಜ್ಜಿಯೇನವ್ವ?"

"ಹೂಂರೀ."

"ನಿನ್ನ ಮಗ ನನಗೆ ಏನೇನಂದ ಗೊತ್ತೈತಾ? ನನ್ನ ಗಂಡನೂ ಹಂಗೆ ಅಂದಿರಲಿಲ್ಲ."

"ಅಂದಿರ್ತಾನೆ. ಬಾಯಿ ಜೋರು ಅವಂದು. ನಾನು ಅದಕ್ಕೆ ಬಂದಿಲ್ಲ. ಒಂದು ಮಾತು ಕೇಳಾಕೆ ಬಂದೀನಿ. ನೀವು ಅವನನ್ನ ಒಳಗೆ ಕರೆದ್ರಾ?"

ಹಾಲಮ್ಮ ಮಗನ ಮುಖ ನೋಡಿದರು. ಸ್ವಾಮಿ ಅಂಗಡಿಯ ಬೀಗದ ಕೈ ಹುಡುಕುವವರಂತೆ ಜೇಬು ತಡಕಿಕೊಂಡರು.

"ಕರೀಲಿಲ್ಲ," ಎಂದರು ಹಾಲಮ್ಮ. ಗೋಡೆ ಹಿಡಿದೇ ಜಗಲಿಯ ಅಂಚಿಗೆ ಬಂದು ಕುಂತರು. "ಮೊದಲ ದಿನ ಎಲ್ಲರೂ ಹೊರಗೆ ಕುಂತ್ರು. ಎಲ್ಡನೇ ದಿನ ಎಲ್ಲರೂ ಒಳಗೆ ಬಂದ್ರು, ಅವನು ಬರಲಿಲ್ಲ. ಯಾರ ಪೈಕಿ ಹುಡುಗ ಅಂತ ಕೇಳಿದ್ದೆ, ಗೊತ್ತಾಗಿತ್ತು. ಅವನಾಗೇ ಹೊರಗೆ ಉಳಿದ, ನಂಗೆ ಸಮಾಧಾನ ಆತು. ಈ ವಯಸ್ಸಿನಾಗೆ ಸುಳ್ಳು ಹೇಳಿ ಎಲ್ಲಿಗೆ ಹೋಗ್ಲಿ? ಆಮೇಲೆ ದಿನಾ ನೀರು ಹಾಕ್ತಾ ಹಾಕ್ತಾ ಆ ಹುಡುಗನ ಮೇಲೆ ಜೀವ ಆತು. ಅವನಿಗೆ ಹಂಗೇ ಬೇಕು ಅಂತ ತಿಳೀತು. ಅದೂ ಸುಳ್ಳಲ್ಲ."

"ಅವ್ವಾ, ಇದೆಲ್ಲ ಈಗ ಯಾಕೆ?" ಎಂದರು ಸ್ವಾಮಿ.

"ನೀನು ಅಂಗಡಿ ಬಾಗಿಲು ತೆಗಿ ಹೋಗಪ್ಪ. ಮುದುಕೇರ ಮಾತು ನಿಂಗೆ ಯಾಕೆ?"

ಸ್ವಾಮಿ ಹೋದರು. ಒಳಗೆ ಬಚ್ಚಲಲ್ಲಿ ಮರದ ಸುತ್ತಿಗೆಯ ಹಿಡಿಯ ಸದ್ದು ಶುರುವಾಗಿತ್ತು. ಮೂಕಮ್ಮ ಅದನ್ನೇ ಕೇಳುತ್ತ ಜಗಲಿಯ ಅಂಚಿಗೆ ಕುಂತಳು. ಸಿಟ್ಟು ಬರಲಿ ಎಂದು ಕಾದಳು. ಬಂತು, ಆದರೆ ಅವಳೆಣಿಸಿದಷ್ಟು ಬರಲಿಲ್ಲ.

"ಅವನು ಹೊರಗೆ ಕುಂತದ್ದು ಅವನ ಇಷ್ಟ," ಎಂದಳು. "ನಿಮಗೆ ಸಮಾಧಾನ ಆದದ್ದು ನಿಮ್ಮ ಪಾಡು. ಎಲ್ಡನ್ನೂ ಒಂದೇ ಗಂಟಿನಾಗೆ ಕಟ್ಟಬ್ಯಾಡ್ರಿ ಅವ್ವಾರೆ."

"ಈಗ ಏನು ಮಾಡ್ಲಿ ಹೇಳು. ಒಳಗೆ ಬಾ ಅಂದ್ರೆ ಅವನು ಬರ್ತಾನಾ?"

"ಬರಲ್ಲ."

"ಮತ್ತೆ?"

"ಆದ್ರೂ ಕರೀರಿ. ಬರಲಿಲ್ಲ ಅಂತ ಕರೆಯೋದು ಬಿಡಬ್ಯಾಡ್ರಿ. ದಿನಾ ಕರೀರಿ. ಬರೋದು ಬಿಡೋದು ಅವನಿಗೆ ಸೇರಿದ್ದು, ಕರೆಯೋದು ನಿಮಗೆ ಸೇರಿದ್ದು."

ಹಾಲಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. "ನೀನು ಬರ್ತೀಯಾ ಒಳಗೆ?"

"ನಂಗೇನು, ಕರೆದ್ರೆ ಬರ್ತೀನಿ. ಹಸಿವಾಗೈತೆ."

ಅವತ್ತು ಮಧ್ಯಾಹ್ನ ಮೂಕಮ್ಮ ಮೊಮ್ಮಗ ಹಾಕಿದ ನೆಲದ ಮೇಲೆ, ಆ ಅಡುಗೆಮನೆಯಲ್ಲಿ, ಮುಜಮ್ಮಿಲ್‌ನ ಸಾಲಿನಲ್ಲಿ ಕುಂತಳು. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಹಾಲಮ್ಮ ಬಾಗಿಲಿಗೆ ಹೋಗಿ, ಗಂಟಲು ಸರಿಮಾಡಿಕೊಂಡು, "ಕೃಷ್ಣಾ, ಒಳಗೆ ಬಾರಪ್ಪ ಊಟಕ್ಕೆ," ಎಂದರು. ಜಗಲಿಯ ಮೇಲಿಂದ ಸದ್ದಿಲ್ಲ. ಹಾಲಮ್ಮ ತಿರುಗಿ ಮೂಕಮ್ಮನನ್ನು ನೋಡಿದರು. "ಕರೆದೆ," ಎಂದರು, ಪರೀಕ್ಷೆ ಬರೆದ ಹುಡುಗಿಯಂತೆ. ಆಮೇಲೆ ಚೊಂಬು ತೆಗೆದುಕೊಂಡು ಹೋಗಿ, ಎತ್ತಿ, ಅವನ ಲೋಟಕ್ಕೆ ನೀರು ಹೊಯ್ದರು. ಹೊಯ್ಯುವಾಗ ಅವರ ಕಣ್ಣು ಲೋಟದ ಮೇಲಿತ್ತು, ಹನಿ ಹೊರಗೆ ಬೀಳಬಾರದೆಂದು. ಬಿಳಿಚೋಡಿನ ಹೊಲದಲ್ಲಿ ಹೊಯ್ಯುವವರ ಕಣ್ಣು ಬೇರೆಲ್ಲೋ ಇರುತ್ತಿತ್ತು.

ಸಂಜೆ ಮನೆಗೆ ಬಂದು ಮೂಕಮ್ಮ ನಡೆದದ್ದನ್ನು ನಡೆದ ಹಾಗೆ ಹೇಳಿದಳು, ಹಾಲಮ್ಮನಿಗೆ ಸಮಾಧಾನ ಆದ ಮಾತನ್ನೂ ಬಿಡದೆ.

"ಒಪ್ಕೊಂಡ್ಳಾ? ಬಾಯಿಬಿಟ್ಟು?" ಎಂದ ನಾಗೇಂದ್ರಪ್ಪ.

"ಒಪ್ಕೊಂಡ್ಳು."

"ಹಂಗಾದ್ರೆ ನಾನು ಬೈದದ್ದು ಸರಿ."

"ಬೈದದ್ದು ಅರ್ಧ ಸರಿ ಕಣೋ. ಮಗನನ್ನ ಎಳ್ಕೊಂಡು ಬಂದದ್ದು ಪೂರ್ತಿ ತಪ್ಪು."

"ಅರ್ಧ ಸರಿ, ಪೂರ್ತಿ ತಪ್ಪು. ನೀನೇ ಜಡ್ಜು ಆಗ್ಬೇಕಿತ್ತವ್ವ," ಎಂದ ನಾಗೇಂದ್ರಪ್ಪ. ಬಹಳ ಹೊತ್ತು ಅಂಗಳದಲ್ಲಿ ಓಡಾಡಿದ. ಕೇಸಿನ ಮಾತನ್ನು ಮತ್ತೆ ಎತ್ತಲಿಲ್ಲ. ಮರುದಿನ ಬೆಳಗ್ಗೆ ಕೃಷ್ಣ ಚೀಲಕ್ಕೆ ಕೈ ಚಾಚಿದಾಗ, ಎತ್ತಿ ಕೊಟ್ಟವನು ಅವನೇ. ಲಕ್ಷ್ಮೀದೇವಿ ನೋಡಿಯೂ ನೋಡದಂತೆ ರೊಟ್ಟಿ ಮಗುಚಿದಳು.

ಬಚ್ಚಲು ಮುಗಿಯುವ ದಿನಕ್ಕೆ ಸ್ವಾಮಿಯವರ ಮನೆಯಿಂದ ಎಲ್ಲರಿಗೂ ಊಟಕ್ಕೆ ಹೇಳಿಕೆ ಬಂತು. "ನಾನು ಬರಲ್ಲ," ಎಂದ ನಾಗೇಂದ್ರಪ್ಪ ಮೊದಲು. ಆಮೇಲೆ, "ರಜೆ ಇಲ್ಲ," ಎಂದ. ಅದಾದ ಮೇಲೆ ಅರ್ಧ ದಿನ ರಜೆ ಹಾಕಿ, ಇಸ್ತ್ರಿ ಅಂಗಿ ಹಾಕಿಕೊಂಡು, ಹೆಂಡತಿ ತಾಯಿಯ ಜೊತೆ ಬಸ್ಸು ಹತ್ತಿದ. ಅರ್ಪಿತಾ ಕಾಲೇಜಿನಿಂದ ನೇರ ಬಂದಳು.

ಕೃಷ್ಣ ಬಚ್ಚಲಿನ ಮೂಲೆಯಲ್ಲಿ ಬಕೆಟ್ಟು ಬಗ್ಗಿಸಿ ನೀರು ಬಿಡುತ್ತಿದ್ದ. ನೀರು ಎಲ್ಲೂ ನಿಲ್ಲದೆ ಕಿಂಡಿಗೆ ಹರಿಯಬೇಕು, ಅದೇ ಕೊನೆಯ ಪರೀಕ್ಷೆ. ಒಂದು ಕಡೆ ಅಂಗೈಯಗಲ ನೀರು ನಿಂತಿತು. ಅವನು ಅದನ್ನು ನೋಡಿ, ಉಳಿ ತೆಗೆದುಕೊಂಡು, ಆ ಒಂದು ಟೈಲ್ಸು ಎಬ್ಬಿಸಿ, ಅಡಿಗೆ ಸಿಮೆಂಟು ಹಾಕಿ ಮತ್ತೆ ಕೂರಿಸಿದ. ಅಪ್ಪ ಬಾಗಿಲಲ್ಲಿ ನಿಂತಿದ್ದು ಅವನಿಗೆ ಗೊತ್ತಿತ್ತೋ ಇಲ್ಲವೋ.

"ನಾವೆಲ್ಲ ಉಣ್ಣಾಕೆ ಕಾಯ್ತಿದೀವಿ ಮಾರಾಯ!" ಎಂದ ಮುಜಮ್ಮಿಲ್.

"ಡೊಬ್ ಅನ್ನಬಾರದು," ಎಂದ ಕೃಷ್ಣ.

ಒಳಗೆ ಸಾಲು ಕೂತಿತು. ನಾಗೇಂದ್ರಪ್ಪ ಬೆನ್ನು ನೆಟ್ಟಗೆ ಮಾಡಿ ಕುಂತಿದ್ದ, ಮದುವೆಗೆ ಹೆಣ್ಣು ನೋಡಲು ಬಂದವನಂತೆ. ಹಾಲಮ್ಮ ತಾವೇ ಅವನ ತಟ್ಟೆಗೆ ರೊಟ್ಟಿ ಹಾಕಿದರು. ಅವನು ಕಣ್ಣೆತ್ತಲಿಲ್ಲ. ಅವರು ಎಣ್ಣೆಗಾಯಿ ಎರಡು ಸಲ ಬಡಿಸಿದರು. ಗಡಿಬಿಡಿಯಲ್ಲಿ ಬಾಗಿಲಿಗೆ ಹೋಗುವುದು ಅವರಿಗೆ ಮರೆತೇಹೋಯಿತು.

ಎಲ್ಲರೂ ತುತ್ತು ಎತ್ತಿದರು. ನಾಗೇಂದ್ರಪ್ಪ ಮಾತ್ರ ರೊಟ್ಟಿ ಮುರಿದು ಕೈಯಲ್ಲೇ ಹಿಡಿದುಕೊಂಡು ಹೊರಗೆ ನೋಡುತ್ತಿದ್ದ. ಜಗಲಿಯ ಮೇಲೆ ಕೃಷ್ಣ ತಟ್ಟೆ ಇಟ್ಟು, ಲೋಟ ಇಟ್ಟು, ಡಬ್ಬಿಗಳನ್ನು ಸಾಲಾಗಿ ಜೋಡಿಸಿ ಕುಂತಿದ್ದ. ಒಂದರ ಮುಚ್ಚಳವನ್ನೂ ತೆಗೆದಿರಲಿಲ್ಲ. ಕಾಯುತ್ತಿದ್ದ.

"ಯಾಕವ್ವ ಉಣ್ತಿಲ್ಲ ಅವನು?" ಎಂದ ನಾಗೇಂದ್ರಪ್ಪ. ಎದ್ದೇಬಿಡುವವನಂತೆ ಮಂಡಿ ಎತ್ತಿದ.

ಆಗ ಹೊರಗಿನಿಂದ ಕೃಷ್ಣನೇ ಕೂಗಿದ. ಗಂಟಲು ಸರಿಮಾಡಿಕೊಂಡು, ಥೇಟು ಹಾಲಮ್ಮನ ದನಿಯಲ್ಲಿ: "ಕೃಷ್ಣಾ, ಒಳಗೆ ಬಾರಪ್ಪ ಊಟಕ್ಕೆ."

ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. "ಅಯ್ಯೋ, ನನ್ನ ಮರೆವಿಗೆ ಬೆಂಕಿ ಬೀಳಾ!" ಎಂದು ಹಾಲಮ್ಮ ಸೌಟು ಬಿಟ್ಟು, ಗೋಡೆ ಹಿಡಿದು, ಬಾಗಿಲಿಗೆ ಓಡಿದರು. "ಕರೆದ ಮೇಲೇ ಮುಚ್ಚಳ ತೆಗೀತಾನೆ ಈಗ. ನಿನ್ನೆ ಮೊನ್ನೆಯಿಂದ ಇದೂ ರೂಢಿ ಆಗೈತೆ." ಹೊಸಿಲಲ್ಲಿ ನಿಂತು ಕರೆದರು: "ಕೃಷ್ಣಾ, ಒಳಗೆ ಬಾರಪ್ಪ ಊಟಕ್ಕೆ!"

"ಇಲ್ಲೇ," ಎಂದ ಕೃಷ್ಣ. ರೊಟ್ಟಿಯ ಡಬ್ಬಿಯ ಮುಚ್ಚಳ ತೆಗೆದ.

ಅರ್ಪಿತಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಲಕ್ಷ್ಮೀದೇವಿ ಕಣ್ಣೊರೆಸಿಕೊಂಡಳು. ಮೂಕಮ್ಮ ಮಗನ ಕಡೆ ಬಾಗಿದಳು.

"ನೋಡೋ ನಾಗೇಂದ್ರ. ಮೇಲಿನ ಮನೆಯೋರು ಒಳಗೆ ಬಾ ಅಂತ ಕರೆದ್ರೆ ಒಲ್ಲೆ ಅಂದೋನು, ನಮ್ಮ ವಂಶದಾಗೆ ಇವನೇ ಮೊದಲ್ನೇಯೋನು."

ನಾಗೇಂದ್ರಪ್ಪ ಎತ್ತಿದ ಮಂಡಿಯನ್ನು ಮಡಿಸಿ ಕುಂತ. ಕೈಯಲ್ಲಿ ಹಿಡಿದಿದ್ದ ತುತ್ತನ್ನು ಬಾಯಿಗಿಟ್ಟು ನಿಧಾನ ಅಗಿದು ನುಂಗಿದ. ಅದಾದ ಮೇಲೆ ಇನ್ನೊಂದು, ಮತ್ತೊಂದು. ತಟ್ಟೆ ಬರಿದಾದಾಗ ತಲೆ ಎತ್ತಿ, ಹೊಸಿಲಿನಿಂದ ವಾಪಸು ಬರುತ್ತಿದ್ದ ಮುದುಕಿಯ ಮುಖವನ್ನು ಅವತ್ತು ಮೊದಲ ಸಲ ನೋಡಿದ.

"ಅವ್ವಾರೆ," ಎಂದ, "ಇನ್ನೊಂದು ರೊಟ್ಟಿ ಹಾಕ್ರಿ."